ಇಟ್ಟಿಗೆಯ ಮೇಲೆ ನಿಂತ ಕಾರು

ಆ ಶುಕ್ರವಾರ ರಾತ್ರಿ ನನಗೆ ಎಚ್ಚರವಾದದ್ದು ಒಂದು ಸಣ್ಣ ಸದ್ದಿಗೆ. ಸ್ಟೀಲ್ ಡಬ್ಬಿಯೊಳಗೆ ಯಾರೋ ಏನನ್ನೋ ಒಂದೊಂದಾಗಿ ಹಾಕಿದ ಹಾಗೆ, ಟಿಣ್ ಎಂದು. ತುಸು ಹೊತ್ತು ಬಿಟ್ಟು ಮತ್ತೆ ಟಿಣ್. ಸದ್ದು ಕೆಳಗಿನ ಪಾರ್ಕಿಂಗಿನಿಂದ ಬರುತ್ತಿತ್ತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎದ್ದೆದ್ದು ನೋಡುವ ಹೆಂಗಸು ನಾನು. ಆದರೂ ಆ ರಾತ್ರಿ ಎದ್ದು ಹೋಗಲಿಲ್ಲ. ಮಳೆ ಜೋರಾಯಿತು, ಸದ್ದು ಅದರಲ್ಲಿ ಮುಳುಗಿತು, ನಿದ್ದೆ ಬಂತು.

ಬೆಳಿಗ್ಗೆ ಪಾರ್ಕಿಂಗಿನಲ್ಲಿ ಗುಂಪು ಸೇರಿತ್ತು. ಮೊದಲ ಮಹಡಿಯ ಕುಶಲ ಶೆಟ್ಟರ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ನಾಲ್ಕು ಚಕ್ರಗಳೂ ಇರಲಿಲ್ಲ.

ನಮ್ಮ ಸೊಸೈಟಿ ಇರುವುದು ಪುಣೆಯ ಕಾತ್ರಜದಲ್ಲಿ, ಸಾತಾರಾ ಹೆದ್ದಾರಿಗೆ ಹತ್ತಿರ. ಕುಶಲ ಶೆಟ್ಟರು ಬ್ರಹ್ಮಾವರದವರು. ದೂರದೂರಿನ ಬಸ್ಸುಗಳು ನಿಲ್ಲುವ ಚೌಕದಲ್ಲಿ ಅವರದೊಂದು ಹೋಟೆಲಿದೆ. ಅವರ ಮಗಳು ಭವ್ಯಶ್ರೀ ಏಳು ತಿಂಗಳ ಬಸುರಿ. ಭಾನುವಾರ ನಸುಕಿನಲ್ಲಿ ಎಲ್ಲರೂ ಅದೇ ಕಾರಿನಲ್ಲಿ ಸೀಮಂತಕ್ಕೆಂದು ಊರಿಗೆ ಹೊರಡುವವರಿದ್ದರು. ಮಗಳು ಅಪ್ಪನ ಕಾರಿನಲ್ಲೇ, ಅಪ್ಪನೇ ಓಡಿಸಿಕೊಂಡು ಹೋಗಿ ಗಂಡನ ಮನೆಯ ಅಂಗಳದಲ್ಲಿ ಇಳಿಯಬೇಕು ಎಂಬುದು ಶೆಟ್ಟರ ಆಸೆ. ಅವಳ ಗಂಡ ಪೃಥ್ವಿರಾಜ್ ಇಲ್ಲೇ ಪುಣೆಯ ಮಗರಪಟ್ಟಾದಲ್ಲಿ ಇಂಜಿನಿಯರು. ಸಾಮಾನು ತುಂಬಲೆಂದು ಬೆಳಿಗ್ಗೆ ಕಾರಿನ ಹೊದಿಕೆ ಎತ್ತಿ ಮೊದಲು ನೋಡಿದವನು ಅವನೇ.

ಸೊಸೈಟಿಯ ಕಾರ್ಯದರ್ಶಿ ಕೇತಕಿತಾಯಿ ಮರಾಠಿಯಲ್ಲಿ ಒಂದೇ ಸಮನೆ ವಿಚಾರಿಸುತ್ತಿದ್ದರು. ಕ್ಯಾಮೆರಾ ಹೋದ ವಾರದ ಸಿಡಿಲಿಗೆ ಕೆಟ್ಟಿತ್ತು. ಆದರೆ ಗೇಟಿನ ಕಾವಲುಗಾರ ಒಂದು ಮಾತು ಹೇಳಿದ. ಬೆಳಕು ಹರಿಯುವ ಹೊತ್ತಿಗೆ ಹೋಟೆಲಿನ ತರಕಾರಿ ಟೆಂಪೊ ಹೊರಗೆ ಹೋಯಿತಂತೆ. ಹಿಂದೆ ಗೋಣಿಚೀಲದಡಿಯಲ್ಲಿ ಏನೋ ದುಂಡಗಿನದು ಇತ್ತಂತೆ. ಓಡಿಸುತ್ತಿದ್ದವನು ಶ್ಯಾಮ.

ಶ್ಯಾಮ ಶೆಟ್ಟರ ಹೋಟೆಲಿನ ಅಡುಗೆಭಟ್ಟ. ಭವ್ಯಶ್ರೀ ಶಾಲೆಗೆ ಹೋಗುವ ಕಾಲದಿಂದಲೂ ಆ ಮನೆಯವನೇ. ಪ್ರತಿ ಭಾನುವಾರ ಕಾರು ತೊಳೆಯುವವನೂ ಅವನೇ. ಎಲ್ಲಿಗೆ ಹೋಗಿದ್ದೆ ಎಂದು ಕೇತಕಿತಾಯಿ ಕೇಳಿದರೆ ಅವನು ನೆಲ ನೋಡಿದ. ಮಾರ್ಕೆಟ್ಟಿಗೆ ಎಂದಿದ್ದರೂ ಸಾಕಿತ್ತು. ಅದನ್ನೂ ಹೇಳಲಿಲ್ಲ.

"ಶ್ಯಾಮ ಕದಿಯುವವ ಅಲ್ಲ," ಎಂದರು ಕುಶಲ ಶೆಟ್ಟರು. "ಹೋದದ್ದು ಹೋಯ್ತು. ಪೊಲೀಸು ಗಿಲೀಸು ಎಂತದೂ ಬೇಡ. ಸಂಜೆಯೊಳಗೆ ಬೇರೆ ಚಕ್ರ ಹಾಕಿಸ್ತೇನೆ."

ಇವತ್ತು ಇವರ ಕಾರು, ನಾಳೆ ಉಳಿದವರದು ಎಂದು ಕೇತಕಿತಾಯಿ ಒಪ್ಪಲಿಲ್ಲ. ಸಂಜೆಯವರೆಗೆ ಕಾಯುವುದಾಗಿಯೂ, ಆಮೇಲೆ ಪೊಲೀಸ್ ಚೌಕಿಗೆ ಹೋಗಿ ಶ್ಯಾಮನ ಹೆಸರು ಕೊಡುವುದಾಗಿಯೂ ಹೇಳಿ ಹೋದರು.

ಭವ್ಯಶ್ರೀ ನಾಲ್ಕನೇ ಮಹಡಿಗೆ ಬಂದಾಗ ನಾನು ಸರೋಜಮ್ಮನ ಅಡುಗೆಮನೆಯಲ್ಲಿದ್ದೆ. ಸರೋಜಮ್ಮ ವಿಜಯಪುರದವರು, ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತರಾದವರು. ಅಪಘಾತವಾದ ಗಾಡಿಗಳನ್ನು ನೋಡಿ, ಏನಾಯಿತು, ಹೇಗಾಯಿತು ಎಂದು ವರದಿ ಬರೆಯುವುದು ಅವರ ಕೆಲಸವಾಗಿತ್ತು. ಈಗಲೂ ಸೊಸೈಟಿಯಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಅವರ ಬಾಗಿಲಿಗೆ. ನಾನು ಎರಡನೇ ಮಹಡಿಯವಳು. ಕಂಡದ್ದನ್ನೆಲ್ಲ ನೆನಪಿಟ್ಟುಕೊಂಡು ಹೆದರುವುದು ನನ್ನ ಸ್ವಭಾವ. ಆ ನೆನಪನ್ನು ಕೆಲಸಕ್ಕೆ ಹಚ್ಚುವುದು ಸರೋಜಮ್ಮನ ಸ್ವಭಾವ. ನಮ್ಮ ಸ್ನೇಹ ಹಾಗೆ ಬೆಳೆದದ್ದು.

"ಶ್ಯಾಮಣ್ಣ ಬ್ಯಾಗು ಕಟ್ಟಿದ್ದಾರೆ," ಎಂದಳು ಭವ್ಯಶ್ರೀ. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು. "ರಾತ್ರಿ ಬಸ್ಸಿಗೆ ಊರಿಗೆ ಹೋಗ್ತಾರಂತೆ. ಇನ್ನು ಬರುದಿಲ್ಲವಂತೆ. ಅಪ್ಪ ಎಂತದೂ ಮಾತಾಡುದಿಲ್ಲ. ನಂಗೆ ಚಕ್ರ ಬೇಡ ಆಂಟಿ, ಶ್ಯಾಮಣ್ಣ ಕಳ್ಳ ಅಲ್ಲ ಅಂತ ಒಂದು ಗೊತ್ತಾದರೆ ಸಾಕು."

ಸರೋಜಮ್ಮ ಅವಳನ್ನು ಕೂರಿಸಿ, ನೀರು ಕೊಟ್ಟು, ಮನೆಯಲ್ಲಿ ಈಚೆಗೆ ಏನಾದರೂ ಮಾತು ಬೆಳೆದಿತ್ತೇ ಎಂದು ಕೇಳಿದರು. ಮಾತು ಬೆಳೆದದ್ದು ಶ್ಯಾಮನ ಜೊತೆಗಲ್ಲ, ಅಳಿಯನ ಜೊತೆಗೆ. ಹಿಂದಿನ ಭಾನುವಾರದ ಊಟದ ಹೊತ್ತಿನಲ್ಲಿ ಬ್ರಹ್ಮಾವರದಿಂದ ಬೀಗರು ವಿಡಿಯೊ ಕಾಲ್ ಮಾಡಿದ್ದರು. ಆಗ ಪೃಥ್ವಿರಾಜ್, ಟೈರು ಹಳತಾಗಿವೆ ಮಾವ, ಘಾಟಿ ಇಳಿಯುವ ಮೊದಲು ಬದಲಿಸೋಣ ಎಂದ. ಬೀಗರೆದುರಿಗೇ ಆ ಮಾತು ಬಂದದ್ದು ಶೆಟ್ಟರಿಗೆ ತಾಗಿತು. ಟೈರಿನ ಮೇಲಿನ ಗೀರುಗಳು ಹೊಸದರ ಹಾಗೆ ಆಳವಾಗಿವೆ, ಹೋಟೆಲಿಗೆ ಮತ್ತು ದೇವಸ್ಥಾನಕ್ಕೆ ಬಿಟ್ಟರೆ ಕಾರು ಎಲ್ಲಿಗೂ ಹೋಗಿಲ್ಲ, ನನ್ನ ಕಾರಿನ ವಿಷಯದಲ್ಲಿ ನನಗೆ ಪಾಠ ಮಾಡಬೇಡ ಎಂದುಬಿಟ್ಟರು. ಪೃಥ್ವಿರಾಜ್ ತಲೆ ತಗ್ಗಿಸಿ ಊಟ ಮುಗಿಸಿದ. ಆಮೇಲೆ ಮಾವ ಅಳಿಯ ಸರಿಯಾಗಿ ಮಾತಾಡಿರಲಿಲ್ಲ.

ನಾವು ಕೆಳಗಿಳಿದೆವು. ಸರೋಜಮ್ಮ ಟಾರ್ಚ್ ಹಿಡಿದು ಕಾರಿನ ಸುತ್ತ ನಿಧಾನವಾಗಿ ಬಂದರು. ಇಟ್ಟಿಗೆಗೂ ಕಾರಿಗೂ ನಡುವೆ ಗೋಣಿಚೀಲ ಮಡಿಚಿ ಇಟ್ಟಿತ್ತು. ಬಾಗಿಲುಗಳು ಬೀಗ ಹಾಕಿದಂತೆಯೇ ಇದ್ದವು. ಕಿಟಕಿಯ ಗಾಜಿಗೆ ಮುಖ ಹಚ್ಚಿ ನೋಡಿದಾಗ ಹಿಂದಿನ ಸೀಟಿನ ಮೇಲೆ ಒಂದು ಸ್ಟೀಲ್ ಡಬ್ಬಿ ಕಂಡಿತು. ಸರೋಜಮ್ಮ ಹೇಳಿದ್ದಕ್ಕೆ ಅಲ್ಲೇ ನಿಂತಿದ್ದ ಪೃಥ್ವಿರಾಜ್ ಮಾವನಿಂದ ಕೀಲಿ ಕೇಳಿ ತಂದ. ಡಬ್ಬಿಯಲ್ಲಿ ಚಕ್ರದ ನಟ್ಟುಗಳಿದ್ದವು. ನಾನು ರಾತ್ರಿಯ ಸದ್ದಿನ ಬಗ್ಗೆ ಹೇಳಿದೆ.

"ಕೀಲಿ ಎಷ್ಟದಾವು?" ಎಂದು ಸರೋಜಮ್ಮ ಕೇಳಿದರು.

ಒಂದು ಮಾವನ ಹತ್ತಿರ, ಇನ್ನೊಂದು ಶ್ಯಾಮಣ್ಣನ ಹತ್ತಿರ ಎಂದ ಪೃಥ್ವಿರಾಜ್. ತನಗೆ ಯಾವತ್ತೂ ಕೊಟ್ಟಿರಲಿಲ್ಲ ಎನ್ನುವುದನ್ನು ಅವನು ಸೇರಿಸಲಿಲ್ಲ, ಆದರೆ ದನಿಯಲ್ಲಿ ಅದಿತ್ತು.

ಡಿಕ್ಕಿ ತೆರೆದರು. ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ಅಲ್ಲೇ ಇತ್ತು. ಕಳ್ಳ ಅದನ್ನು ಬಿಟ್ಟುಹೋಗಿದ್ದ. ಸರೋಜಮ್ಮ ಅದರ ಮಗ್ಗುಲನ್ನು ಉಗುರಿನಿಂದ ಒತ್ತಿ ನೋಡಿ, ಟಾರ್ಚಿನ ಬೆಳಕಿನಲ್ಲಿ ಅಲ್ಲಿದ್ದ ಅಕ್ಷರ, ಅಂಕಿಗಳನ್ನು ಓದಿದರು. ಇದು ಎಂದಾದರೂ ರಸ್ತೆಗಿಳಿದಿದೆಯೇ ಎಂದು ಕೇಳಿದರು. ಇಲ್ಲ, ಕಾರಿನ ಜೊತೆ ಬಂದದ್ದು, ಐದೂ ಒಂದೇ ಕಾಲದವು ಎಂದಳು ಭವ್ಯಶ್ರೀ.

ಶ್ಯಾಮ ಮೆಟ್ಟಿಲ ಮೇಲೆ ಬ್ಯಾಗು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಸರೋಜಮ್ಮ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

"ನಾನು ಕದ್ದಿಲ್ಲ ಅಮ್ಮ. ಅದಕ್ಕಿಂತ ಹೆಚ್ಚು ಕೇಳ್ಬೇಡಿ," ಎಂದ.

"ಕೇಳಂಗಿಲ್ಲೋ ತಮ್ಮಾ. ಯಾರಿಗರೆ ಮಾತು ಕೊಟ್ಟೀಯೇನು, ಅದೊಂದು ಹೇಳು."

ಅವನು ಬ್ಯಾಗಿನ ಪಟ್ಟಿಯನ್ನು ಬಿಗಿ ಮಾಡತೊಡಗಿದ. ಅದು ಆಗಲೇ ಬಿಗಿಯಾಗಿತ್ತು.

ಮೇಲೆ ಬಂದಮೇಲೆ ಸರೋಜಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು, ಈ ವಾರ ಶೆಟ್ಟರ ಮನೆಯ ಬಗ್ಗೆ ಕಂಡದ್ದನ್ನೆಲ್ಲ ಹೇಳು ಎಂದರು. ನಾನು ಯೋಚಿಸಿ ಹೇಳಿದೆ. ಬುಧವಾರ ಸಂಜೆ ನಾನು ಆಫೀಸಿನಿಂದ ಬರುವಾಗ ಶೆಟ್ಟರು ರಿಕ್ಷಾದಿಂದ ಇಳಿದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಗುರುವಾರವೂ ಕೊಡೆ ಹಿಡಿದು ಗೇಟಿನಾಚೆ ರಿಕ್ಷಾಕ್ಕೆ ಕಾಯುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಕಾರಿಗೆ ಎಂದಿನಂತೆ ಹೂವಿಟ್ಟರು, ಆದರೆ ಎಣ್ಣೆ ಹಚ್ಚಲಿಲ್ಲ.

"ಯಾವ ಎಣ್ಣಿ?"

"ತೆಂಗಿನೆಣ್ಣೆ. ಪ್ರತಿ ಶುಕ್ರವಾರ ಹೋಟೆಲಿನಿಂದ ತಂದು ಬಟ್ಟೆಯಲ್ಲಿ ಅದ್ದಿ ನಾಲ್ಕೂ ಟೈರು ಉಜ್ಜುತ್ತಾರೆ. ಕರ್ರಗೆ ಮಿಂಚುತ್ತೆ. ಈ ಶುಕ್ರವಾರ ಬಟ್ಟೆ ಕೈಯಲ್ಲೇ ಇತ್ತು. ಟೈರಿನ ಹತ್ತಿರ ಕೂತರು. ಸುಮಾರು ಹೊತ್ತು ಕೂತಿದ್ದು ಹಾಗೇ ಎದ್ದುಹೋದರು."

ಸರೋಜಮ್ಮ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು. "ಅಯ್ಯ ನಮ್ಮಪ್ಪಾ," ಎಂದರು ಮೆಲ್ಲಗೆ. ಯಾರನ್ನು ಹಾಗೆ ಕರೆದರೋ ಆಗ ನನಗೆ ತಿಳಿಯಲಿಲ್ಲ.

ಸಂಜೆ ಎಲ್ಲರೂ ಶೆಟ್ಟರ ಮನೆಯ ಹಾಲಿನಲ್ಲಿ ಸೇರಬೇಕೆಂದು ಸರೋಜಮ್ಮನೇ ಹೇಳಿಕಳಿಸಿದರು. ಶೆಟ್ಟರ ಹೆಂಡತಿ ವಸಂತಿ ಚಹಾ ತಂದಿಟ್ಟರು. ಅತ್ತು ಅವರ ಕಣ್ಣು ಊದಿತ್ತು. ಕೇತಕಿತಾಯಿ ಗೋಡೆ ಗಡಿಯಾರದ ಕೆಳಗೆ ನೆಟ್ಟಗೆ ಕೂತರು. ಕನ್ನಡ ಅವರಿಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಶ್ಯಾಮ ಬಾಗಿಲಲ್ಲೇ ನಿಂತ. ಅವನ ಬ್ಯಾಗು ಹೆಗಲ ಮೇಲಿತ್ತು. ಭವ್ಯಶ್ರೀ ಸೋಫಾದಲ್ಲಿ ದಿಂಬಿಗೆ ಒರಗಿ ಕೂತಳು. ಪೃಥ್ವಿರಾಜ್ ಸ್ಟೆಪ್ನಿಯನ್ನು ಹೊತ್ತು ತಂದು ಹಳೆಯ ಪತ್ರಿಕೆಯ ಮೇಲಿಟ್ಟ. ಕುಶಲ ಶೆಟ್ಟರು ಅದರ ಕಡೆ ಒಂದು ಸಲವೂ ನೋಡಲಿಲ್ಲ.

"ಇದು ಕಳವಲ್ಲ," ಎಂದು ಸರೋಜಮ್ಮ ಶುರು ಮಾಡಿದರು. "ಹೆಂಗ ಅಂತ ಒಂದೊಂದ ಹೇಳ್ತೀನಿ, ತಪ್ಪಿದ್ರ ತಿದ್ರಿ."

ಚಕ್ರ ಕದಿಯುವವನಿಗೆ ಅವಸರವಿರುತ್ತದೆ ಎಂದರು. ಅವನು ಕಾರನ್ನು ಧೊಪ್ಪನೆ ಕಲ್ಲಿನ ಮೇಲೆ ಬಿಟ್ಟು ಹೋಗುತ್ತಾನೆ. ಇವನು ಕಾರಿಗೆ ಗೀರು ಬೀಳಬಾರದೆಂದು ಗೋಣಿಚೀಲ ಮಡಿಚಿಟ್ಟ. ಕತ್ತಲಲ್ಲಿ ಒಂದು ನಟ್ಟೂ ಕಳೆಯಬಾರದೆಂದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಾರಿನೊಳಗಿಟ್ಟು ಬೀಗ ಹಾಕಿದ. ಆಮೇಲೆ ಹೊದಿಕೆ ಹೊದಿಸಿದ. ಅಂದರೆ ಆ ನಟ್ಟುಗಳನ್ನು ಮತ್ತೆ ಅದೇ ಕಾರಿಗೆ ಬಿಗಿಯುವುದಿತ್ತು. ಚಕ್ರ ಹೋದದ್ದು ತಿರುಗಿ ಬರಲಿಕ್ಕೆ.

"ಹಂಗಾರ ಯಾಕ ಒಯ್ದ? ಅದನ್ನ ಈ ಸ್ಟೆಪ್ನಿ ಹೇಳತದ. ಭವ್ಯಾ, ಇಲ್ಲಿ ಒತ್ತವಾ."

ಭವ್ಯಶ್ರೀ ಬಗ್ಗಲಾರದೆ ಕೈ ಚಾಚಿದಳು. ಪೃಥ್ವಿರಾಜ್ ಚಕ್ರವನ್ನು ಎತ್ತಿ ಅವಳ ಹತ್ತಿರ ಹಿಡಿದ. ಅವಳು ಹೆಬ್ಬೆರಳಿನಿಂದ ಒತ್ತಿದಾಗ ರಬ್ಬರಿನ ಮೇಲೆ ಸಣ್ಣ ಸಣ್ಣ ಬಿರುಕುಗಳು ಬಾಯಿ ತೆರೆದವು, ಬೇಸಗೆಯ ಕೆರೆಯ ನೆಲದ ಹಾಗೆ.

ಗೀರು ನೋಡಿದರೆ ಹೊಸದು, ಒಂದು ದಿನವೂ ರಸ್ತೆ ಕಂಡಿಲ್ಲ ಎಂದರು ಸರೋಜಮ್ಮ. ಆದರೆ ಮಗ್ಗುಲಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಈ ಟೈರು ಹುಟ್ಟಿ ಹನ್ನೊಂದು ವರ್ಷವಾಗಿದೆ. ರಬ್ಬರು ಓಡಿದರಷ್ಟೇ ಸವೆಯುವುದಲ್ಲ, ನಿಂತಲ್ಲೇ ಮುದಿಯಾಗುತ್ತದೆ, ಗಡುಸಾಗುತ್ತದೆ. ಗಡುಸಾದದ್ದು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಡಿಕ್ಕಿಯಲ್ಲಿ ನೆರಳಿಗಿದ್ದದ್ದೇ ಹೀಗಾದರೆ, ಬಿಸಿಲು ಮಳೆ ಕಂಡ ಆ ನಾಲ್ಕರ ಗತಿ ಹೇಗಿರಬೇಕು. ಮೇಲೆ ವಾರವಾರವೂ ತೆಂಗಿನೆಣ್ಣೆ. ಎಣ್ಣೆ ಬಿರುಕನ್ನು ಮುಚ್ಚಿತು, ಮಿಂಚು ಕೊಟ್ಟಿತು, ಒಳಗೊಳಗೇ ರಬ್ಬರನ್ನು ಕೆಡಿಸಿತು.

"ಪ್ರೀತಿಲೇ ಹಚ್ಚಿದ ಎಣ್ಣಿ ಅದು," ಎಂದರು. "ಆದ್ರ ಒಂದು ಮಾತು ನೆನಪಿಡ್ರಿ. ಬ್ರೇಕು ಚಕ್ರ ನಿಲ್ಲಸ್ತದ, ಗಾಡಿ ನಿಲ್ಲಸೂದು ಟೈರು. ಅಂಗೈಯಷ್ಟಗಲ ರಬ್ಬರು, ನಾಕು ಕಡೆ. ಇಡೀ ಮನೆತನ ಅದರ ಮ್ಯಾಲೆ ಕೂತು ಘಾಟಿ ಇಳೀತದ. ನಾ ನೋಡಿದ ಎಷ್ಟೋ ಗಾಡಿಗೆ ಬ್ರೇಕು ಛಲೋನ ಇತ್ತು."

ಅವರು ಮುಂದುವರಿಸಿದರು. ಆ ಟೈರುಗಳ ಮೇಲೆ ಈ ಹುಡುಗಿ ಊರಿಗೆ ಹೋಗಬಾರದು ಎಂದು ಗೊತ್ತಿದ್ದವರು ಚಕ್ರ ಬಿಚ್ಚಿದರು. ಪೃಥ್ವಿರಾಜನಿಗೆ ಅನುಮಾನವಿತ್ತು, ಆದರೆ ಕೀಲಿ ಇರಲಿಲ್ಲ. ಶ್ಯಾಮನಿಗೆ ಕೀಲಿ ಇತ್ತು. ಟೆಂಪೊದಲ್ಲಿ ಒಯ್ದವನು ಅವನೇ. ಆದರೆ ತನಗೋಸ್ಕರ ಮಾಡಿದ್ದರೆ ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಇನ್ನೊಬ್ಬರಿಗೆ ಮಾತು ಕೊಟ್ಟವನು ಮಾತ್ರ ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕಳ್ಳನೆನಿಸಿಕೊಳ್ಳುತ್ತಾನೆ. ಚಕ್ರ ಹೋಗುವ ಮೊದಲೇ, ಮಂಗಳವಾರವೋ ಬುಧವಾರವೋ, ಈ ಕಾರಿನ ಟೈರಿನ ಮೇಲಿನ ನಂಬಿಕೆ ಕಳೆದುಕೊಂಡವರು ಒಬ್ಬರಿದ್ದಾರೆ. ದಿನವೂ ಹೋಟೆಲಿಗೆ ಕಾರು ತೆಗೆಯುತ್ತಿದ್ದವರು ಅವತ್ತಿನಿಂದ ಜಡಿಮಳೆಯಲ್ಲಿ ರಿಕ್ಷಾ ಹಿಡಿದರು. ಎಣ್ಣೆ ಬಟ್ಟೆ ಕೈಯಲ್ಲಿ ಹಿಡಿದು ಹಚ್ಚದೆ ಎದ್ದರು.

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಸರೋಜಮ್ಮ ಮಾತ್ರ ಆ ಕಡೆ ನೋಡದೆ ಚಹಾದ ಲೋಟ ಎತ್ತಿಕೊಂಡರು.

"ಹೆಸರು ನಾ ಹೇಳಂಗಿಲ್ಲ. ಅವರಾಗೇ ಹೇಳಿದ್ರ ಹೇಳ್ಲಿ. ಆದ್ರ ಆ ತಮ್ಮನ ಹೆಗಲ ಮ್ಯಾಲಿನ ಚೀಲ ಇಳಸ್ಬೇಕಾಗೇದ. ಬಸ್ಸಿನ ಹೊತ್ತಾತು."

ಕುಶಲ ಶೆಟ್ಟರು ಎದ್ದು ನಿಂತರು. ನೇರವಾಗಿ ಬಾಗಿಲಿಗೆ ಹೋಗಿ, ಶ್ಯಾಮನ ಹೆಗಲಿನಿಂದ ಬ್ಯಾಗನ್ನು ತಾವೇ ತೆಗೆದು ಕೆಳಗಿಟ್ಟರು. ಶ್ಯಾಮ, ಬೇಡ ಧಣಿ ಎಂದ.

"ನಾನೇ ತೆಗೆದದ್ದು," ಎಂದರು ಶೆಟ್ಟರು ನಮ್ಮ ಕಡೆ ತಿರುಗಿ. "ಇವನ ಕೈಯಲ್ಲಿ ಆಣೆ ಹಾಕಿಸಿದ್ದೂ ನಾನೇ. ಇವನ ಹೆಸರು ಬರ್ತದೆ ಅಂತ ನಂಗೆ ಹೊಳೀಲಿಲ್ಲ. ಬಂದ ಮೇಲೆ ಬಾಯಿ ಬರಲಿಲ್ಲ."

ಮಂಗಳವಾರ ಬೆಳಿಗ್ಗೆ ಆದದ್ದನ್ನು ಅವರು ನಿಂತೇ ಹೇಳಿದರು. ಚೌಕದ ಹತ್ತಿರ ಹನಿ ಮಳೆ. ಶಾಲೆಯ ಹುಡುಗಿಯೊಬ್ಬಳು ಕೊಡೆ ಹಿಡಿದು ರಸ್ತೆ ದಾಟುತ್ತಿದ್ದಳು. ಕಾರು ನಿಧಾನವಾಗಿಯೇ ಇತ್ತು, ಬ್ರೇಕು ಸಮಯಕ್ಕೆ ಸರಿಯಾಗಿಯೇ ಒತ್ತಿದ್ದರು.

"ಚಕ್ರ ನಿಂತಿತು. ಕಾರು ನಿಲ್ಲಲಿಲ್ಲ. ಜಾರಿಕೊಂಡು ಹೋಯ್ತು, ಸಾಬೂನಿನ ಮೇಲೆ ಹೋದ ಹಾಗೆ. ಅವಳ ಕೊಡೆ ಬಾನೆಟ್ಟಿಗೆ ತಾಗಿ ನಿಂತಿತು. ಅವಳು ಒಮ್ಮೆ ನನ್ನ ಮುಖ ನೋಡಿ, ಕೊಡೆ ಸರಿಮಾಡಿಕೊಂಡು ಹೋದಳು. ಅಷ್ಟೇ. ನಾನು ಅಲ್ಲೇ ಕೂತಿದ್ದೆ. ಹಿಂದಿನವರು ಹಾರ್ನ್ ಹೊಡೀತಿದ್ದರು." ಅವರು ಮಗಳನ್ನು ನೋಡಿದರು. "ನಿನ್ನನ್ನು ಅದರಲ್ಲಿ ಕೂರಿಸುವವನಿದ್ದೆ ಮಗಾ."

"ಹಾಗಾದರೆ ಟೈರು ಬದಲಿಸಿದರೆ ಆಗ್ತಿತ್ತಲ್ಲ, ಈ ಕಳ್ಳತನ ಯಾಕೆ?" ಎಂದರು ವಸಂತಿ. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಶೆಟ್ಟರು ಅದನ್ನೂ ಹೇಳಿದರು. ಭಾನುವಾರ ಬೀಗರೆದುರಿಗೆ ಅಳಿಯನ ಬಾಯಿ ಮುಚ್ಚಿಸಿದ್ದರು. ಅದೇ ವಾರ ಹೊಸ ಟೈರು ಹಾಕಿಕೊಂಡು ಬೀಗರ ಅಂಗಳದಲ್ಲಿ ಇಳಿದರೆ ಎಲ್ಲರೂ ನೋಡಿ ನಗುತ್ತಾರೆ ಎನಿಸಿತು. ಕಳ್ಳ ಒಯ್ದ ಎಂದರೆ ಹೊಸದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಚಕ್ರಗಳು ಹಡಪಸರದ ಒಂದು ಅಂಗಡಿಯಲ್ಲಿವೆ, ಹೊಸ ಟೈರು ಹಾಕಿ ಆಗಿದೆ. ಸಂಜೆ ಶ್ಯಾಮ ಹೋಗಿ ತರುವುದು, ಹಳೆಯ ರಿಮ್ಮಿಗೆ ಬಣ್ಣ ಹೊಡೆಸಿ ಬೇರೆಯದು ಎನ್ನುವುದು, ಇದು ಅವರ ಲೆಕ್ಕವಾಗಿತ್ತು.

"ನೀನು ಹೇಳಿದ್ದು ಸರಿ ಇತ್ತು ಪೃಥ್ವಿ," ಎಂದರು ಕೊನೆಗೆ. "ಅದನ್ನು ಹೇಳುದಕ್ಕಿಂತ ನಾಲ್ಕು ಚಕ್ರ ಬಿಚ್ಚುದು ನಂಗೆ ಸುಲಭ ಆಯ್ತು."

ಭವ್ಯಶ್ರೀ ಮೊದಲು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ನಡುರಾತ್ರಿ ಜ್ಯಾಕ್ ಹಿಡಿದು, ಈ ಸೊಂಟನೋವಲ್ಲಿ ಅಪ್ಪ," ಎಂದಳು. ವಸಂತಿ ಶ್ಯಾಮನನ್ನು ಒಳಗೆ ಕರೆದು, ಬೆಳಗಿನಿಂದ ಏನೂ ತಿಂದಿಲ್ಲ, ಮೊದಲು ಊಟ ಮಾಡು ಎಂದು ಗದರಿದರು. ಕೇತಕಿತಾಯಿ ಕುರ್ಚಿಯಿಂದೆದ್ದು, ಚಕ್ರಗಳು ರಿಪೇರಿಗೆ ಹೋಗಿದ್ದವು ಎಂದು ಸದಸ್ಯರಿಗೆ ತಿಳಿಸುವುದಾಗಿ ಮರಾಠಿಯಲ್ಲಿ ಹೇಳಿದರು. ಬಾಗಿಲ ಹತ್ತಿರ ನಿಂತು, ತಮ್ಮ ಕಾರಿನ ಟೈರಿನ ಅಂಕಿ ಎಲ್ಲಿರುತ್ತದೆ ಎಂದು ಸರೋಜಮ್ಮನನ್ನು ಮೆಲ್ಲಗೆ ಕೇಳಿದರು. ಇಬ್ಬರೂ ಕೆಳಗಿಳಿದು ಹೋದರು.

ನಾನು ಚಹಾದ ಲೋಟಗಳನ್ನು ಎತ್ತುತ್ತಿದ್ದೆ. ಭವ್ಯಶ್ರೀಯೂ ಒಳಗೆ ಹೋದಮೇಲೆ ಹಾಲಿನಲ್ಲಿ ಮಾವ ಅಳಿಯ ಇಬ್ಬರೇ ಉಳಿದಿದ್ದರು, ನಡುವೆ ಸ್ಟೆಪ್ನಿ. ಅಷ್ಟರಲ್ಲಿ ಪೃಥ್ವಿರಾಜನ ಫೋನು ರಿಂಗಾಯಿತು. ಊರಿನಿಂದ ಅವನ ಅಪ್ಪ. ಅವರದು ದೊಡ್ಡ ಗಂಟಲು, ಮಾತು ನನಗೂ ಕೇಳುತ್ತಿತ್ತು. ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಕೇಳಿ, ದನಿ ತಗ್ಗಿಸಿದೆನೆಂದುಕೊಂಡೇ ಅವರು ಮುಂದುವರಿಸಿದರು.

"ಅಲ್ಲ ಮಾರಾಯ, ಆ ಟೈರಿನ ವಿಷಯ ಎಂತಾಯ್ತು? ಅವತ್ತು ನಮ್ಮೆದುರಿಗೆ ನಿಂಗೆ ಹಾಗೆ ಹೇಳಿದ್ದು ನಿನ್ನ ಅಮ್ಮನಿಗೆ ಇನ್ನೂ ಬೇಜಾರು. ನೀನು ಹೇಳಿದ್ದು ಸರಿಯಾ, ಅವರು ಹೇಳಿದ್ದು ಸರಿಯಾ?"

ಕುಶಲ ಶೆಟ್ಟರು ಸ್ಟೆಪ್ನಿಯ ಕೆಳಗಿನ ಪತ್ರಿಕೆಯನ್ನು ಎಳೆದು ಮಡಿಚುತ್ತಿದ್ದರು. ಅವರ ಕೈ ನಿಂತಿತು. ತಲೆ ಎತ್ತಲಿಲ್ಲ.

ಪೃಥ್ವಿರಾಜ್ ಒಂದು ಕ್ಷಣ ಮಾವನ ನೆತ್ತಿಯನ್ನೇ ನೋಡಿದ.

"ನಾನು ಸುಮ್ಮನೆ ಹೆದರಿದ್ದು ಅಪ್ಪ," ಎಂದ. "ಟೈರು ಚೆನ್ನಾಗಿ ಉಂಟು. ಮಾವ ಎಲ್ಲ ನೋಡಿಟ್ಟಿದ್ದಾರೆ. ಅಮ್ಮನಿಗೆ ಹೇಳಿ, ಬೇಜಾರು ಬೇಡ ಅಂತ."

ಫೋನು ಕಿಸೆಗಿಟ್ಟು ನನ್ನ ಕಡೆ ತಿರುಗಿದ. ನಾನು ಲೋಟಗಳನ್ನು ಹಿಡಿದು ಹಾಗೆಯೇ ನಿಂತಿದ್ದೆ. "ಇದು ಊರಿಗೆ ಮುಟ್ಟುದು ಬೇಡ ಅಕ್ಕ," ಎಂದ. "ನಾನಂತೂ ಯಾರಿಗೂ ಹೇಳುದಿಲ್ಲ."

ಆಮೇಲೆ ಬಗ್ಗಿ ಸ್ಟೆಪ್ನಿಯ ಒಂದು ಬದಿ ಹಿಡಿದ. ಶೆಟ್ಟರು ಇನ್ನೊಂದು ಬದಿ ಹಿಡಿದರು. ಒಬ್ಬನೇ ಹೊತ್ತು ತಂದಿದ್ದ ಚಕ್ರವನ್ನು ಇಬ್ಬರೂ ಸೇರಿ ಕೆಳಗೆ ಒಯ್ದರು.